ಓಟಿ ಓದುವ ಆಸೆ ಇದೆಯಾ? ಕಾಲೇಜಿನಲ್ಲಿದ್ದಾಗಲೇ ಮಾಡಿಕೊಳ್ಳಬೇಕಾದ ತಯಾರಿ

ಅಮೆರಿಕದಲ್ಲಿ ಡಿಗ್ರಿ ಓದುತ್ತಿರುವವರಿಂದ, ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರಿಂದ, ಪದೇ ಪದೇ ಬರುವ ಪ್ರಶ್ನೆಗಳು ಎರಡು. ಆಕ್ಯುಪೇಷನಲ್ ಥೆರಪಿಗೆ, ಅಂದರೆ ಓಟಿಗೆ, ಹೋಗಬೇಕಾದರೆ ಈಗ ಯಾವ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ತಗೋಬೇಕು? ತಯಾರಿ ಯಾವಾಗ ಶುರು ಮಾಡಬೇಕು?

ಮೊದಲನೆಯದಕ್ಕೆ ಉತ್ತರ ಸುಲಭ. ಯಾವ ಮೇಜರ್ ಆದರೂ ನಡೆಯುತ್ತದೆ. ಎರಡನೆಯದಕ್ಕೆ ನನ್ನ ಉತ್ತರ: ಎರಡನೇ ವರ್ಷ ಮುಗಿಯುವುದರೊಳಗೆ. ಕೊನೆಯ ವರ್ಷದಲ್ಲಿ ಎಚ್ಚೆತ್ತವರಿಗೆ ಬಾಗಿಲು ಮುಚ್ಚಿರುವುದಿಲ್ಲ. ಆದರೆ ಒಂದು ವರ್ಷ ಸುಮ್ನೆ ಜಾರಿ ಹೋಗುವ ಸಾಧ್ಯತೆ ಹೆಚ್ಚು. ಅರ್ಜಿಯಲ್ಲಿ ಕೇಳುವ ಮುಖ್ಯ ಸಂಗತಿಗಳು ಒಂದೇ ಬೇಸಿಗೆ ರಜೆಯಲ್ಲಿ ಕೂಡಿಸಿಕೊಳ್ಳುವಂಥವಲ್ಲ.

ಓಟಿ ಅಂದರೇನು ಎಂದು ಇನ್ನೂ ಗೊಂದಲ ಇರುವವರಿಗೆ ಎರಡು ಮಾತು. ಕಾಯಿಲೆ, ಪೆಟ್ಟು, ಹುಟ್ಟಿನಿಂದ ಬಂದ ತೊಂದರೆ ಅಥವಾ ವಯಸ್ಸಿನ ಕಾರಣಕ್ಕೆ ದಿನನಿತ್ಯದ ಕೆಲಸ ಕಷ್ಟವಾದವರು ಆ ಕೆಲಸಗಳನ್ನು ತಾವೇ ಮಾಡಿಕೊಳ್ಳುವಂತೆ ನೆರವಾಗುವುದು ಈ ವೃತ್ತಿ. ಪಾರ್ಶ್ವವಾಯು ಹೊಡೆದವರಿಗೆ ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಲು ಕಲಿಸುತ್ತಾರೆ. ಪೆನ್ಸಿಲ್ ಹಿಡಿಯಲು ಒದ್ದಾಡುವ ಮಗುವಿಗೆ ಬರೆಯಲು ದಾರಿ ಹುಡುಕುತ್ತಾರೆ. ಖಿನ್ನತೆಯಿಂದ ಹೊರಬರುತ್ತಿರುವವರು ಮತ್ತೆ ಒಂದು ದಿನಚರಿ ಕಟ್ಟಿಕೊಳ್ಳಲು ಜೊತೆಗಿರುತ್ತಾರೆ. ಫಿಸಿಕಲ್ ಥೆರಪಿಯವರ ಗಮನ ಹೆಚ್ಚಾಗಿ ಚಲನೆ, ಬಲ, ನಡಿಗೆಯ ಮೇಲೆ. ಓಟಿಯವರ ಗಮನ ಆ ಮನುಷ್ಯ ಮಾಡಬೇಕಾದ ಕೆಲಸದ ಮೇಲೆ.

ದಾರಿ ಹೀಗಿದೆ. ಮೊದಲು ಒಂದು ಬ್ಯಾಚುಲರ್ ಡಿಗ್ರಿ. ಆಮೇಲೆ ಎಕೋಟ್ ಮಾನ್ಯತೆ ಇರುವ ಓಟಿ ಕೋರ್ಸ್. ಎಕೋಟ್ ಅಂದರೆ ಓಟಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ. ಕೋರ್ಸಿನೊಳಗೇ ಫೀಲ್ಡ್‌ವರ್ಕ್, ಅಂದರೆ ಆಸ್ಪತ್ರೆ, ಶಾಲೆ ಮುಂತಾದ ಕಡೆ ತರಬೇತಿ. ಅದರ ಕೊನೆಯ ಹಂತವೇ ಕಡಿಮೆಯೆಂದರೂ 24 ವಾರ, ಪೂರ್ಣಾವಧಿ. ನಂತರ ಎನ್‌ಬಿಸಿಓಟಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆ, ಅದಾದ ಮೇಲೆ ಕೆಲಸ ಮಾಡುವ ರಾಜ್ಯದ ಲೈಸೆನ್ಸ್.

ಭಾರತದಲ್ಲೇ ಓಟಿ ಡಿಗ್ರಿ ಮುಗಿಸಿ ಬಂದವರಿಗೆ ದಾರಿ ಬೇರೆ. ವಿದೇಶದಲ್ಲಿ ಓದಿದವರ ಅರ್ಹತೆಯನ್ನು ಎನ್‌ಬಿಸಿಓಟಿಯೇ ಪರಿಶೀಲಿಸುತ್ತದೆ. ಅವರಿಗೆ ಈ ಲೇಖನ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

1. ಮಾಸ್ಟರ್ಸೋ ಡಾಕ್ಟರೇಟೋ, ಮೊದಲು ತಿಳಿದುಕೊಳ್ಳಿ

ಓಟಿ ಆಗಲು ಎರಡು ಡಿಗ್ರಿಗಳಲ್ಲಿ ಯಾವುದಾದರೂ ಸಾಕು. ಮಾಸ್ಟರ್ಸ್ ಸಾಮಾನ್ಯವಾಗಿ ಎರಡರಿಂದ ಎರಡೂವರೆ ವರ್ಷ. ಓಟಿಡಿ ಎನ್ನುವ ಡಾಕ್ಟರೇಟ್ ಸುಮಾರು ಮೂರು ವರ್ಷ. ಇದು ಪಿಎಚ್‌ಡಿ ಅಲ್ಲ, ವೃತ್ತಿ ಡಾಕ್ಟರೇಟ್. ಇದರಲ್ಲಿ ಫೀಲ್ಡ್‌ವರ್ಕ್ ಜೊತೆಗೆ 14 ವಾರಗಳ ಕ್ಯಾಪ್‌ಸ್ಟೋನ್ ಇರುತ್ತದೆ. ಅಂದರೆ ಒಂದು ವಿಷಯ ಆರಿಸಿಕೊಂಡು ಆಳವಾಗಿ ಮಾಡುವ ಪ್ರಾಜೆಕ್ಟ್. ಕೊನೆಗೆ ಇಬ್ಬರೂ ಬರೆಯುವುದು ಒಂದೇ ಪರೀಕ್ಷೆ, ಪಡೆಯುವುದು ಒಂದೇ ಲೈಸೆನ್ಸ್.

“2027ರಿಂದ ಡಾಕ್ಟರೇಟ್ ಕಡ್ಡಾಯವಂತೆ” ಎಂದು ಈಗಲೂ ಕೇಳುವವರಿದ್ದಾರೆ. 2017ರಲ್ಲಿ ಎಕೋಟ್ ಹಾಗೆ ಹೇಳಿದ್ದು ನಿಜ. ಆಮೇಲೆ ಅದನ್ನು ತಡೆಹಿಡಿದರು. 2019ರ ಹೊತ್ತಿಗೆ ಎರಡೂ ದಾರಿ ಇರಲಿ ಎಂಬ ತೀರ್ಮಾನವೇ ನಿಂತಿತು. ಆ ಹೆದರಿಕೆಯಿಂದ ದುಬಾರಿ ಕೋರ್ಸ್ ಆರಿಸಿಕೊಳ್ಳಬೇಡಿ. ಮುಂದೆ ಪಾಠ ಮಾಡುವ ಅಥವಾ ಸಂಶೋಧನೆಯ ಆಸೆ ಇದ್ದರೆ ಓಟಿಡಿ ಸರಿ. ರೋಗಿಗಳ ಜೊತೆ ಕೆಲಸ ಮಾಡುವುದೇ ಗುರಿಯಾದರೆ ನನ್ನ ಪ್ರಕಾರ ಮಾಸ್ಟರ್ಸ್ ಧಾರಾಳವಾಯಿತು.

ಎಚ್ಚರ: “ಪೋಸ್ಟ್ ಪ್ರೊಫೆಷನಲ್ ಓಟಿಡಿ” ಎಂದು ಬರೆದಿರುವ ಕೋರ್ಸುಗಳು ಈಗಾಗಲೇ ಓಟಿ ಆಗಿರುವವರಿಗೆ. ನಿಮಗೆ ಬೇಕಾದದ್ದು “ಎಂಟ್ರಿ ಲೆವೆಲ್” ಕೋರ್ಸ್.

2. ಪ್ರಿರಿಕ್ವಿಸಿಟ್ ಪಟ್ಟಿ ಮಾಡಿ

ಜನ ಹೆಚ್ಚು ಎಡವುವುದು ಇಲ್ಲೇ. ಪ್ರಿರಿಕ್ವಿಸಿಟ್ ಅಂದರೆ ಓಟಿ ಕೋರ್ಸಿಗೆ ಸೇರುವ ಮೊದಲು ಮುಗಿಸಿರಲೇಬೇಕಾದ ವಿಷಯಗಳು. ಮೇಜರ್ ಯಾವುದಾದರೂ ಆಗಬಹುದು ಎಂದೆನಲ್ಲ, ಅದು ನಿಜವಾಗುವುದು ಇವು ಮುಗಿದಿದ್ದರೆ ಮಾತ್ರ. ಸೈಕಾಲಜಿ, ಕಿನೀಸಿಯಾಲಜಿ (ದೇಹದ ಚಲನೆಯ ಅಧ್ಯಯನ), ಹೆಲ್ತ್ ಸೈನ್ಸಸ್ ಓದುವವರಿಗೆ ಬಹುತೇಕ ವಿಷಯಗಳು ಮೇಜರ್ ಒಳಗೇ ಸಿಗುತ್ತವೆ. ಇಂಗ್ಲಿಷ್ ಸಾಹಿತ್ಯವೋ ಕಂಪ್ಯೂಟರ್ ಸೈನ್ಸೋ ಓದುವವರು ಇವನ್ನು ಹೊರಗಿನಿಂದ ಸೇರಿಸಿಕೊಳ್ಳಬೇಕು.

ಸಾಮಾನ್ಯವಾಗಿ ಕೇಳುವ ವಿಷಯಗಳು ಇವು: ಅನಾಟಮಿ ಮತ್ತು ಫಿಸಿಯಾಲಜಿ ಎರಡು ಸೆಮಿಸ್ಟರ್, ಲ್ಯಾಬ್ ಸಮೇತ. ಸ್ಟಾಟಿಸ್ಟಿಕ್ಸ್. ಅಬ್‌ನಾರ್ಮಲ್ ಸೈಕಾಲಜಿ, ಅಂದರೆ ಮಾನಸಿಕ ಕಾಯಿಲೆಗಳ ಅಧ್ಯಯನ. ಡೆವಲಪ್‌ಮೆಂಟಲ್ ಸೈಕಾಲಜಿ, ಅಂದರೆ ಮನುಷ್ಯನ ಬೆಳವಣಿಗೆಯ ಅಧ್ಯಯನ. ಸೋಷಿಯಾಲಜಿ ಅಥವಾ ಆಂಥ್ರೊಪಾಲಜಿ. ಕೆಲವರು ಫಿಸಿಕ್ಸ್, ಕಿನೀಸಿಯಾಲಜಿ, ಮೆಡಿಕಲ್ ಟರ್ಮಿನಾಲಜಿ ಕೂಡ ಕೇಳುತ್ತಾರೆ.

“ಸಾಮಾನ್ಯವಾಗಿ” ಎಂಬ ಮಾತನ್ನು ನಂಬಿ ಕೂರಬೇಡಿ. ಓಟಿ ಕಲಿಸುವ ಪ್ರತಿ ಶಾಲೆಯ ಪಟ್ಟಿ ಬೇರೆ. ಗೆಳತಿಯ ಪಟ್ಟಿ ಗೆಳತಿಯ ಶಾಲೆಗೆ. ನೀವು ಹೀಗೆ ಮಾಡಿ: ಇಷ್ಟವಾದ ಎಂಟು ಹತ್ತು ಶಾಲೆಗಳ ವೆಬ್‌ಸೈಟ್ ತೆರೆದು ಒಂದು ಸ್ಪ್ರೆಡ್‌ಶೀಟ್ ಮಾಡಿ. ಒಂದೊಂದು ಸಾಲಿಗೆ ಒಂದೊಂದು ಶಾಲೆ. ಅಂಕಣಗಳಲ್ಲಿ ವಿಷಯಗಳು, ಬೇಕಾದ ಗ್ರೇಡ್, ವಿಷಯ ಓದಿ ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು, ಅಬ್ಸರ್ವೇಷನ್ ಗಂಟೆ (ಓಟಿಗಳ ಕೆಲಸ ಪಕ್ಕದಲ್ಲಿದ್ದು ನೋಡಿದ ಗಂಟೆ), ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆ ಬೇಕೋ ಬೇಡವೋ, ಕೊನೆಯ ದಿನಾಂಕ. ಎಲ್ಲಾ ಶಾಲೆಗಳೂ ಕೇಳುವ ವಿಷಯಗಳನ್ನು ಮೊದಲು ಮುಗಿಸಿ. ಒಂದೇ ಶಾಲೆ ಕೇಳುವ ವಿಚಿತ್ರ ವಿಷಯಕ್ಕಾಗಿ ಒಂದು ಸೆಮಿಸ್ಟರ್ ಕೊಡುವುದಕ್ಕಿಂತ ಆ ಶಾಲೆಯನ್ನೇ ಕೈಬಿಡುವುದು ಎಷ್ಟೋ ಸಲ ಜಾಣತನ.

ಪಟ್ಟಿ ಮಾಡುವಾಗ ಎಡವಬಹುದಾದ ಜಾಗಗಳು:

ಅನಾಟಮಿ ತಗೊಳ್ಳುವ ಮೊದಲು ಬಯಾಲಜಿ ಮುಗಿಸಿರಬೇಕು ಎಂದು ನಿಮ್ಮ ಕಾಲೇಜಿನ ನಿಯಮ ಇರಬಹುದು. ಬಯಾಲಜಿ, ಆಮೇಲೆ ಅನಾಟಮಿಯ ಎರಡು ಭಾಗ ಎಂದರೆ ಮೂರು ಸೆಮಿಸ್ಟರ್ ಹೋಯಿತು. ಎರಡನೇ ವರ್ಷದೊಳಗೆ ಶುರು ಮಾಡಿ ಎಂದು ಹೇಳುವುದು ಇದಕ್ಕೇ.

ಬೆಳವಣಿಗೆಯ ವಿಷಯ ಹುಟ್ಟಿನಿಂದ ಮುಪ್ಪಿನವರೆಗೆ ಪೂರ್ತಿ ಇರಬೇಕು ಎಂದು ಬಹಳ ಶಾಲೆಗಳು ಕೇಳುತ್ತವೆ. “ಚೈಲ್ಡ್ ಡೆವಲಪ್‌ಮೆಂಟ್” ಮಾತ್ರ ಓದಿದ್ದರೆ ಅದನ್ನು ಒಪ್ಪದೇ ಇರಬಹುದು.

ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ವಿಷಯ ಓದಿ ಪಡೆದ ಎಪಿ ಕ್ರೆಡಿಟ್‌ಗಳನ್ನು ನಿಮ್ಮ ಕಾಲೇಜು ಒಪ್ಪಿರಬಹುದು. ಓಟಿ ಶಾಲೆ ಒಪ್ಪಬೇಕೆಂದಿಲ್ಲ. ಎಪಿ ಸೈಕಾಲಜಿ, ಎಪಿ ಸ್ಟಾಟಿಸ್ಟಿಕ್ಸ್ ವಿಷಯದಲ್ಲಿ ಇದು ಆಗಾಗ ಏಳುವ ತಕರಾರು. ಆನ್‌ಲೈನ್ ಲ್ಯಾಬ್‌ನ ಕತೆಯೂ ಅದೇ, ಮೊದಲೇ ಕೇಳಿ.

ವಿಷಯಗಳಿಗೆ ವಾಯಿದೆ ಇರುತ್ತದೆ. ಕೆಲವು ಶಾಲೆಗಳಿಗೆ ಐದು ವರ್ಷ, ಕೆಲವಕ್ಕೆ ಏಳು, ಕೆಲವಕ್ಕೆ ಹತ್ತು. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿ ಆಮೇಲೆ ಓಟಿ ಕಡೆ ಬರುವವರು ಇದನ್ನು ಮೊದಲು ನೋಡಿಕೊಳ್ಳಬೇಕು.

ಸಂಶಯ ಬಂದ ವಿಷಯದ ಸಿಲಬಸ್ ಕಳಿಸಿ, “ಇದು ನಡೆಯುತ್ತದಾ?” ಎಂದು ಓಟಿ ಶಾಲೆಯ ಅಡ್ಮಿಷನ್ ಆಫೀಸಿಗೆ ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದು ಉಳಿಯುವುದಿಲ್ಲ. ಇಮೇಲ್ ಉತ್ತರ ಎತ್ತಿಟ್ಟುಕೊಳ್ಳಿ.

3. ಗ್ರೇಡ್ ಮತ್ತು ಜಿಪಿಎ

ಜಿಪಿಎ ಅಂದರೆ 4ಕ್ಕೆ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿ. ಬಹಳ ಶಾಲೆಗಳು ಕನಿಷ್ಠ 3.0 ಜಿಪಿಎ ಕೇಳುತ್ತವೆ. ಅದು ಅರ್ಜಿ ಹಾಕಲು ಬೇಕಾದ ಅಂಕ, ಸೀಟು ಸಿಗುವ ಅಂಕವಲ್ಲ. ಸೀಟು ಸಿಕ್ಕವರ ಸರಾಸರಿ ಸಾಮಾನ್ಯವಾಗಿ ಇದಕ್ಕಿಂತ ಮೇಲಿರುತ್ತದೆ. ಹಲವು ಶಾಲೆಗಳು ತಮ್ಮ ಸರಾಸರಿಯನ್ನು ವೆಬ್‌ಸೈಟಿನಲ್ಲೇ ಹಾಕಿರುತ್ತವೆ, ನೋಡಿ. ಪ್ರಿರಿಕ್ವಿಸಿಟ್‌ಗಳ ಜಿಪಿಎಯನ್ನು ಬೇರೆಯಾಗಿ ಲೆಕ್ಕ ಹಾಕುವವರೂ ಇದ್ದಾರೆ. ಹಾಗಾಗಿ ಅನಾಟಮಿಯಲ್ಲಿ ಸಿ ಬಂದರೆ ಅದು ಎರಡು ಕಡೆ ಹೊಡೆತ.

ವಿಷಯವನ್ನು ಮತ್ತೆ ಓದಿ ಒಳ್ಳೆಯ ಗ್ರೇಡ್ ತೆಗೆಯಬಹುದು ಅಲ್ವಾ? ಹೌದು, ಆದರೆ ಒಂದು ಮಾತು ತಿಳಿದಿರಲಿ. ನಿಮ್ಮ ಕಾಲೇಜು ಹಳೆಯ ಗ್ರೇಡನ್ನು ಅಳಿಸಿ ಹೊಸದನ್ನು ಮಾತ್ರ ಲೆಕ್ಕಕ್ಕೆ ತಗೊಂಡಿರಬಹುದು. ಬಹುತೇಕ ಓಟಿ ಶಾಲೆಗಳ ಅರ್ಜಿ ಹೋಗುವುದು ಓಟಿಕ್ಯಾಸ್ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಯ ಮೂಲಕ. ಅದು ಎರಡೂ ಗ್ರೇಡುಗಳನ್ನು ಸೇರಿಸಿಯೇ ಜಿಪಿಎ ಹಾಕುತ್ತದೆ. ನಿಮ್ಮ ಕಾಲೇಜಿನ ಮಾರ್ಕ್ಸ್ ಕಾರ್ಡಿನಲ್ಲಿ 3.4 ಇದ್ದದ್ದು ಅಲ್ಲಿ 3.2 ಆಗಿ ಕಂಡರೆ ಗಾಬರಿ ಬೀಳಬೇಡಿ, ಕಾರಣ ಇದೇ.

ಸೆಮಿಸ್ಟರಿನ ನಡುವೆ ವಿಷಯ ಕೈಗೆ ಸಿಗುತ್ತಿಲ್ಲ ಅನ್ನಿಸಿದರೆ ಡ್ರಾಪ್ ಮಾಡುವ ಕೊನೆಯ ದಿನದ ಮೊದಲೇ ಪ್ರೊಫೆಸರನ್ನು ಕಂಡು ಮಾತಾಡಿ. ಒಂದು ಡಬ್ಲ್ಯೂ, ಅಂದರೆ ನಡುವೆ ಬಿಟ್ಟ ಗುರುತು, ಒಂದು ಡಿ ಗ್ರೇಡಿಗಿಂತ ಮೇಲು. ಅದೇ ಚಟವಾದರೆ ಮಾತ್ರ ಪ್ರಶ್ನೆ ಏಳುತ್ತದೆ.

4. ಅಬ್ಸರ್ವೇಷನ್: ಓಟಿಗಳ ಜೊತೆ ಕೂತು ನೋಡಿ

ಅಬ್ಸರ್ವೇಷನ್ ಅಥವಾ ಶ್ಯಾಡೋಯಿಂಗ್ ಅಂದರೆ ಲೈಸೆನ್ಸ್ ಇರುವ ಓಟಿ ಕೆಲಸ ಮಾಡುವಾಗ ಪಕ್ಕದಲ್ಲಿದ್ದು ನೋಡುವುದು. ಕೆಲವು ಶಾಲೆಗಳು ಕೇಳುವುದೇ ಇಲ್ಲ. ಕೆಲವು 20, 40 ಗಂಟೆ ಕೇಳುತ್ತವೆ, ಇನ್ನು ಕೆಲವು ಅದಕ್ಕಿಂತ ಹೆಚ್ಚು. ಶಾಲೆ ಕೇಳದಿದ್ದರೂ ಇದನ್ನು ಮಾಡಿ ಎಂದೇ ನನ್ನ ಸಲಹೆ. ಕಾರಣ ಸರಳ. ವರ್ಷಗಳ ಓದು ಮತ್ತು ದೊಡ್ಡ ಸಾಲಕ್ಕೆ ಇಳಿಯುವ ಮೊದಲು ಈ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ತಿಳಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಮಕ್ಕಳೆಂದರೆ ಇಷ್ಟ ಎಂದು ಬಂದವರು ನರ್ಸಿಂಗ್ ಹೋಮಿನಲ್ಲಿ ಹಿರಿಯರ ಜೊತೆ ಖುಷಿಯಾಗುವುದುಂಟು. ಸ್ನಾನ, ಶೌಚದಂಥ ಕೆಲಸಗಳಲ್ಲಿ ನೆರವಾಗುವುದೂ ಓಟಿ ಎಂದು ಕಂಡು ಹಿಂದೆ ಸರಿಯುವುದೂ ಉಂಟು. ಹಿಂದೆ ಸರಿಯುವುದಾದರೆ ಆಗಲೇ ಸರಿಯುವುದು ಒಳ್ಳೆಯದು.

ಕನಿಷ್ಠ ಎರಡು ಬೇರೆ ಬೇರೆ ಜಾಗ ನೋಡಿ, ಮೂರಾದರೆ ಇನ್ನೂ ಚೆನ್ನ. ಆಸ್ಪತ್ರೆಯ ವಾರ್ಡ್, ಕಾಯಿಲೆ ಅಥವಾ ಪೆಟ್ಟಿನ ನಂತರ ಚೇತರಿಸಿಕೊಳ್ಳುವವರ ರಿಹ್ಯಾಬ್ ಘಟಕ, ಮಕ್ಕಳ ಕ್ಲಿನಿಕ್, ಶಾಲೆ, ಕೈಗಳ ಚಿಕಿತ್ಸೆ ಮಾಡುವ ಹ್ಯಾಂಡ್ ಥೆರಪಿ, ಮಾನಸಿಕ ಆರೋಗ್ಯ ಕೇಂದ್ರ, ಮನೆಗಳಿಗೇ ಹೋಗಿ ಮಾಡುವ ಹೋಮ್ ಹೆಲ್ತ್, ಹೀಗೆ ಜಾಗಗಳಿಗೆ ಬರವಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ವಾಲಂಟಿಯರ್ ಆಫೀಸಿನ ಮೂಲಕ ಹೋಗಬೇಕು. ಲಸಿಕೆಗಳ ದಾಖಲೆ, ಟಿಬಿ ಪರೀಕ್ಷೆ, ರೋಗಿಗಳ ಗುಟ್ಟು ಕಾಪಾಡುವ ಹಿಪ್ಪಾ ಕಾನೂನಿನ ತರಬೇತಿ ಎಲ್ಲಾ ಕೇಳುತ್ತಾರೆ. ಇದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಚಿಕ್ಕ ಕ್ಲಿನಿಕ್‌ಗಳು ಬೇಗ ಒಪ್ಪುತ್ತವೆ.

ಕೇಳುವ ಇಮೇಲ್ ಚಿಕ್ಕದಾಗಿರಲಿ. ನೀವು ಯಾರು, ಎಲ್ಲಿ ಓದುತ್ತಿದ್ದೀರಿ, ಎಷ್ಟು ಗಂಟೆ ಬೇಕು, ವಾರದ ಯಾವ ದಿನಗಳು ಖಾಲಿ, ಲಸಿಕೆ ದಾಖಲೆ ಸಿದ್ಧವಿದೆ. ಇಷ್ಟು ಸಾಕು. ಬಹಳ ಕಡೆಯಿಂದ ಉತ್ತರವೇ ಬರುವುದಿಲ್ಲ. ಒಂದು ವಾರ ಬಿಟ್ಟು ಫೋನ್ ಮಾಡಿ. ಓಟಿಗಳಿಗೆ ಕೂತು ಇಮೇಲ್ ನೋಡಲು ಪುರುಸೊತ್ತು ಇರುವುದಿಲ್ಲ, ಸಿಟ್ಟು ಮಾಡಿಕೊಳ್ಳಬೇಡಿ.

ಹೋದ ಪ್ರತಿ ದಿನ ಅರ್ಧ ಪುಟ ಬರೆದಿಟ್ಟುಕೊಳ್ಳಿ. ರೋಗಿಯ ಹೆಸರು, ಗುರುತು ಬೇಡವೇ ಬೇಡ. ಆ ದಿನ ಓಟಿ ಏನು ಮಾಡಿದರು, ಯಾಕೆ ಹಾಗೆ ಮಾಡಿದರು, ನಿಮಗೆ ಏನು ಅಚ್ಚರಿ ಎನ್ನಿಸಿತು, ಇಷ್ಟು ಬರೆದರೆ ಸಾಕು. ಒಂದು ವರ್ಷದ ನಂತರ ಅರ್ಜಿಯ ಜೊತೆ ಕೊಡುವ ಪ್ರಬಂಧ ಬರೆಯಲು ಕೂತಾಗ ಕೈಗೆ ಸಿಗುವ ಸರಕು ಇದೇ. ಇದಿಲ್ಲದವರು “ಚಿಕ್ಕಂದಿನಿಂದಲೂ ನನಗೆ ಜನರಿಗೆ ಸಹಾಯ ಮಾಡುವುದೆಂದರೆ ಇಷ್ಟ” ಎಂದು ಶುರು ಮಾಡುತ್ತಾರೆ. ಆ ಸಾಲನ್ನು ಓದಿ ಓದಿ ಅಡ್ಮಿಷನ್ ಸಮಿತಿಯವರಿಗೆ ಸಾಕಾಗಿರುತ್ತದೆ.

ಎಚ್ಚರ: ಮುಗಿದ ದಿನವೇ ಗಂಟೆಗಳ ಫಾರ್ಮಿಗೆ ಓಟಿಯ ಸಹಿ, ಲೈಸೆನ್ಸ್ ನಂಬರ್ ಹಾಕಿಸಿಕೊಳ್ಳಿ. ಮುಂದಿನ ವರ್ಷ ಹೋದಾಗ ಅವರು ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿರಬಹುದು. ಓಟಿ ಅಸಿಸ್ಟೆಂಟ್ ಜೊತೆ ಕಳೆದ ಗಂಟೆಗಳನ್ನು ಎಲ್ಲರೂ ಒಪ್ಪುವುದಿಲ್ಲ. ಅಸಿಸ್ಟೆಂಟ್ ಅಂದರೆ ಓಟಿಯ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ, ಬೇರೆ ಲೈಸೆನ್ಸ್ ಇರುವವರು.

5. ಕೆಲಸದ ಅನುಭವ

ರಿಹ್ಯಾಬ್ ಏಡ್ (ರಿಹ್ಯಾಬ್ ಘಟಕದ ಸಹಾಯಕ), ಅಂಗವಿಕಲ ಮಕ್ಕಳ ಬೇಸಿಗೆ ಶಿಬಿರ, ಮನೆಯಲ್ಲಿ ಹಿರಿಯರ ಆರೈಕೆ, ಶಾಲೆಯಲ್ಲಿ ಸಹಾಯಕರ ಕೆಲಸ. ಇವುಗಳಲ್ಲಿ ಯಾವುದಾದರೂ ಒಂದನ್ನು ಬಹಳ ದಿನ ಮಾಡುವುದು, ಹತ್ತು ಕಡೆ ತಲೆ ಹಾಕುವುದಕ್ಕಿಂತ ಮೇಲು.

ಎಫ್-1 ವೀಸಾದಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ, ಇರುವವರು ಗಮನಿಸಿ. ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ಸಂಬಳದ ಕೆಲಸ ಮಾಡಿದರೆ ವೀಸಾಕ್ಕೇ ಕುತ್ತು. ಸಂಬಳವಿಲ್ಲದ ವಾಲಂಟಿಯರ್ ಕೆಲಸಕ್ಕೂ ಮೊದಲು ನಿಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿನಲ್ಲಿ ಕೇಳಿಕೊಂಡೇ ಹೆಜ್ಜೆ ಇಡಿ.

6. ಶಿಫಾರಸು ಪತ್ರ ಬರೆಯುವವರು

ಸಾಮಾನ್ಯವಾಗಿ ಮೂರು ಪತ್ರ. ಒಬ್ಬರು ಪ್ರೊಫೆಸರ್, ಒಬ್ಬರು ಓಟಿ ಬೇಕು ಎಂದು ಹಲವು ಶಾಲೆಗಳು ಹೇಳುತ್ತವೆ. ಐನೂರು ಜನರ ತರಗತಿಯಲ್ಲಿ ಹಿಂದೆ ಕೂತು ಎ ತೆಗೆದವರಿಗೆ ಪ್ರೊಫೆಸರ್ ಏನೆಂದು ಬರೆಯುತ್ತಾರೆ? ಮೂರನೇ ವರ್ಷದಲ್ಲಿ ಚಿಕ್ಕ ತರಗತಿ ಇರುವ ಒಂದು ವಿಷಯವನ್ನು ಬೇಕೆಂದೇ ಆರಿಸಿಕೊಳ್ಳಿ, ಆಫೀಸ್ ಅವರ್ಸ್‌ಗೆ ಹೋಗಿ, ಸಾಧ್ಯವಾದರೆ ಅವರ ಸಂಶೋಧನೆಯಲ್ಲಿ ಕೈ ಜೋಡಿಸಿ. ಮನೆಯವರ ಗೆಳೆಯರು, ಪರಿಚಯದ ಡಾಕ್ಟರ್ ಅಂಕಲ್ ಬರೆದ ಪತ್ರದಿಂದ ಪ್ರಯೋಜನ ಇಲ್ಲ. ಪತ್ರ ಬೇಕಾದ ದಿನಕ್ಕಿಂತ ಆರರಿಂದ ಎಂಟು ವಾರ ಮೊದಲು ಕೇಳಿ, ಜೊತೆಗೆ ನಿಮ್ಮ ರೆಸ್ಯುಮೆ ಕೊಡಿ.

7. ಶಾಲೆ ಆರಿಸುವುದು ಮತ್ತು ದುಡ್ಡು

ಮೊದಲು ಮಾನ್ಯತೆ ನೋಡಿ. ಎಕೋಟ್ ವೆಬ್‌ಸೈಟಿನಲ್ಲಿ ಪ್ರತಿ ಕೋರ್ಸಿನ ಸ್ಥಿತಿ ಇದೆ. ಹೊಸ ಕೋರ್ಸುಗಳು “ಕ್ಯಾಂಡಿಡಸಿ” ಹಂತದಲ್ಲಿ ಇರಬಹುದು. ಅಂದರೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದು, ಪೂರ್ತಿ ಮಾನ್ಯತೆ ಇನ್ನೂ ಬಂದಿಲ್ಲ. ಮಾನ್ಯತೆ ಇಲ್ಲದ ಕೋರ್ಸಿನಲ್ಲಿ ಓದಿದರೆ ಎನ್‌ಬಿಸಿಓಟಿ ಪರೀಕ್ಷೆಗೆ ಕೂರುವಂತಿಲ್ಲ. ಆಮೇಲೆ ಆ ಪರೀಕ್ಷೆಯಲ್ಲಿ ಪ್ರತಿ ಶಾಲೆಯವರು ಎಷ್ಟು ಜನ ಪಾಸಾಗಿದ್ದಾರೆ ಎಂದು ನೋಡಿ. ಆ ಲೆಕ್ಕ ಎನ್‌ಬಿಸಿಓಟಿ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ಶಾಲೆಯ ದೊಡ್ಡ ಹೆಸರಿಗೆ ಹೆಚ್ಚು ಬೆಲೆ ಕೊಡಬೇಡಿ. ಲೈಸೆನ್ಸಿನ ಮೇಲೆ ಶಾಲೆಯ ಹೆಸರು ಇರುವುದಿಲ್ಲ.

ದುಡ್ಡಿನ ಮಾತಿಗೆ ಬಂದರೆ, ಸಾಲದ ನಿಯಮ ಬದಲಾಗಿದೆ. ಕೋರ್ಸಿನ ಪೂರ್ತಿ ಖರ್ಚಿಗೂ ಸಾಲ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲ 2026ರ ಜುಲೈ 1ರಿಂದ ಹೊಸಬರಿಗೆ ಇಲ್ಲ. ಗ್ರ್ಯಾಜುಯೇಟ್ ವಿದ್ಯಾರ್ಥಿಗಳಿಗೆ ಸರ್ಕಾರಿ ಸಾಲದ ಮಿತಿ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್. “ಪ್ರೊಫೆಷನಲ್” ಎಂದು ಗುರುತಿಸಿದ ಕೋರ್ಸುಗಳಿಗೆ ಮಿತಿ ಇದಕ್ಕಿಂತ ಹೆಚ್ಚು. ನಿಮ್ಮ ಕೋರ್ಸ್ ಯಾವ ಗುಂಪಿಗೆ ಸೇರುತ್ತದೆ ಎಂದು ಶಾಲೆಯ ಫೈನಾನ್ಷಿಯಲ್ ಏಡ್ ಆಫೀಸಿಗೆ ಬರೆದು ಕೇಳಿ. ಎಫ್-1 ವಿದ್ಯಾರ್ಥಿಗಳಿಗೆ ಈ ಸಾಲ ಯಾವುದೂ ಸಿಗುವುದಿಲ್ಲ. ಫೀಲ್ಡ್‌ವರ್ಕ್ ತಿಂಗಳುಗಳಲ್ಲಿ ಸಾಮಾನ್ಯವಾಗಿ ಸಂಬಳ ಇರುವುದಿಲ್ಲ, ಫೀಸು ಮಾತ್ರ ಕಟ್ಟುತ್ತಿರಬೇಕು. ಬೇರೆ ಊರಿನಲ್ಲಿ ಫೀಲ್ಡ್‌ವರ್ಕ್ ಬಿದ್ದರೆ ಅಲ್ಲಿಯ ಬಾಡಿಗೆಯೂ ನಿಮ್ಮದೇ. ಕಡಿಮೆ ಫೀಸಿನ, ನಿಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಸಿಕ್ಕರೆ ಎರಡನೇ ಯೋಚನೆ ಬೇಡ.

8. ಅರ್ಜಿ ಹಾಕುವ ವರ್ಷ

ಓಟಿಕ್ಯಾಸ್ ಹೊಸ ಸುತ್ತು ಬೇಸಿಗೆಯಲ್ಲಿ, ಜುಲೈ ಹೊತ್ತಿಗೆ ತೆರೆಯುತ್ತದೆ. ಮುಂದಿನ ವರ್ಷ ಸೇರುವವರು ಈ ವರ್ಷವೇ ಅರ್ಜಿ ಹಾಕಬೇಕು. ಡಿಗ್ರಿ ಮುಗಿದ ಕೂಡಲೇ ಸೇರುವ ಆಸೆ ಇದ್ದರೆ ಮೂರನೇ ವರ್ಷ ಮುಗಿದ ಬೇಸಿಗೆಯಲ್ಲೇ ಅರ್ಜಿ ಸಿದ್ಧವಿರಬೇಕು. ಒಂದೆರಡು ಪ್ರಿರಿಕ್ವಿಸಿಟ್ ಬಾಕಿ ಇದ್ದರೂ ಬಹಳ ಶಾಲೆಗಳು ಒಪ್ಪುತ್ತವೆ, ಎಷ್ಟು ಎಂಬುದು ಶಾಲೆಗೆ ಬಿಟ್ಟದ್ದು.

ಓದಿದ ಪ್ರತಿ ಕಾಲೇಜಿನಿಂದಲೂ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಧಿಕೃತ ಅಂಕಪಟ್ಟಿ, ಹೋಗಬೇಕು. ಹೈಸ್ಕೂಲಿನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ಒಂದೇ ಒಂದು ವಿಷಯ ಓದಿದ್ದರೂ ಅದನ್ನು ಮರೆಯಬೇಡಿ. ಎಲ್ಲಾ ಬಂದ ಮೇಲೆ ಓಟಿಕ್ಯಾಸ್ ಅರ್ಜಿಯನ್ನು ಪರಿಶೀಲಿಸುತ್ತದೆ, ಅದಕ್ಕೂ ಸಮಯ ಬೇಕು. ಕೊನೆಯ ದಿನ “ಸಲ್ಲಿಸಿರಬೇಕಾದ” ದಿನವೋ “ಪರಿಶೀಲನೆ ಮುಗಿದಿರಬೇಕಾದ” ದಿನವೋ ಎಂದು ಪ್ರತಿ ಶಾಲೆಯ ಪುಟದಲ್ಲಿ ಓದಿಕೊಳ್ಳಿ. ಇಲ್ಲಿ ಮೋಸ ಹೋಗುವವರು ಬಹಳ. ರೋಲಿಂಗ್ ಅಡ್ಮಿಷನ್, ಅಂದರೆ ಅರ್ಜಿ ಬಂದ ಹಾಗೆ ಸೀಟು ಕೊಡುತ್ತಾ ಹೋಗುವ ಶಾಲೆಗಳಿಗೆ ಮೊದಲ ವಾರಗಳಲ್ಲೇ ಕಳಿಸಿ.

ಜಿಆರ್‌ಇ ಪರೀಕ್ಷೆಯನ್ನು ಹಲವು ಶಾಲೆಗಳು ಕೈಬಿಟ್ಟಿವೆ. ನಿಮ್ಮ ಪಟ್ಟಿಯಲ್ಲಿ ಯಾರೂ ಕೇಳದಿದ್ದರೆ ಬರೆಯುವ ಗೋಜಿಗೆ ಹೋಗಬೇಡಿ.

ಪ್ರಬಂಧದಲ್ಲಿ “ಯಾಕೆ ಓಟಿ” ಎಂಬುದಕ್ಕೆ ಉತ್ತರ ಇರಬೇಕು. ಫಿಸಿಕಲ್ ಥೆರಪಿ ಯಾಕೆ ಅಲ್ಲ, ನರ್ಸಿಂಗ್ ಯಾಕೆ ಅಲ್ಲ ಎಂಬುದೂ ಓದಿದವರಿಗೆ ತಿಳಿಯಬೇಕು. ಅಬ್ಸರ್ವೇಷನ್ ಟಿಪ್ಪಣಿಯಿಂದ ಒಂದು ಸಂಗತಿ ತಗೊಂಡು, ಓಟಿ ಅಲ್ಲಿ ಏನು ಯೋಚಿಸಿದರು ಎಂದು ವಿವರಿಸಿ. ಜಿಪಿಎ ಬಿದ್ದ ಸೆಮಿಸ್ಟರ್ ಇದ್ದರೆ ಎರಡು ವಾಕ್ಯದಲ್ಲಿ ಕಾರಣ ಹೇಳಿ ಮುಂದೆ ಹೋಗಿ. ಗೋಳಾಟ ಬೇಡ. ಎಐಯಿಂದ ಬರೆಸಿದ ಪ್ರಬಂಧ ಸಿಕ್ಕಿಬೀಳುವುದು ಸಂದರ್ಶನದಲ್ಲಿ. ಬರೆದದ್ದರ ಮೇಲೆಯೇ ಪ್ರಶ್ನೆ ಬರುತ್ತದೆ.

ಸಂದರ್ಶನ ಕೆಲವು ಕಡೆ ಮಾಮೂಲಿ ಮಾತುಕತೆ. ಕೆಲವು ಕಡೆ ಎಂಎಂಐ, ಅಂದರೆ ಒಬ್ಬರಾದ ಮೇಲೆ ಒಬ್ಬರ ಮುಂದೆ ಕೆಲವೇ ನಿಮಿಷಗಳ ಚಿಕ್ಕ ಚಿಕ್ಕ ಸನ್ನಿವೇಶಗಳು. ಇನ್ನು ಕೆಲವು ಕಡೆ ನಿಮ್ಮ ಉತ್ತರವನ್ನು ವಿಡಿಯೋ ರೆಕಾರ್ಡ್ ಮಾಡಿ ಕಳಿಸಬೇಕು. ಕ್ಯಾಮೆರಾ ಮುಂದೆ ಸಮಯ ಇಟ್ಟುಕೊಂಡು ಮಾತಾಡಿ ಅಭ್ಯಾಸ ಮಾಡಿಕೊಳ್ಳಿ.

9. ಉತ್ತರ ಬಂದ ಮೇಲೆ

ಸೀಟು ಬಂದರೆ ಡಿಪಾಸಿಟ್ ಕಟ್ಟುವ ಮೊದಲು ಅದು ವಾಪಸ್ ಬರುತ್ತದೋ ಇಲ್ಲವೋ ಓದಿಕೊಳ್ಳಿ. ಬಹುತೇಕ ಬರುವುದಿಲ್ಲ. ವೇಯ್ಟ್‌ಲಿಸ್ಟ್ ಬಂದರೆ “ಇನ್ನೂ ಆಸಕ್ತಿ ಇದೆ” ಎಂದು ಬರೆದು, ಹೊಸ ಗ್ರೇಡ್ ಬಂದಾಗ ತಿಳಿಸಿ. ಬೇರೆಯವರು ಡಿಪಾಸಿಟ್ ಬಿಟ್ಟುಕೊಟ್ಟಾಗ ಸೀಟುಗಳು ತೆರೆಯುತ್ತವೆ, ತರಗತಿ ಶುರುವಾಗುವ ಹೊತ್ತಿನವರೆಗೂ. ಎಲ್ಲಿಯೂ ಬರದಿದ್ದರೆ ಶಾಲೆಗಳಿಗೆ ಬರೆದು ಯಾಕೆ ಎಂದು ಕೇಳಿ. ಕೆಲವರು ನಿಜಕ್ಕೂ ವಿವರವಾಗಿ ಹೇಳುತ್ತಾರೆ. ಮತ್ತೆ ಅರ್ಜಿ ಹಾಕುವಾಗ ಅದೇ ಪ್ರಬಂಧ, ಅದೇ ಶಾಲೆಗಳಿಗೆ ಕಳಿಸಬೇಡಿ. ಬಾಕಿ ವಿಷಯ, ಕಡಿಮೆ ಗ್ರೇಡ್, ಗಂಟೆ, ಇವುಗಳಲ್ಲಿ ಏನನ್ನು ಸರಿ ಮಾಡಿಕೊಂಡಿರಿ ಎಂದು ಅರ್ಜಿಯಲ್ಲೇ ಕಾಣಿಸಬೇಕು.

ಸೇರುವುದು ಖಚಿತವಾದವರಿಗೆ ಬೇಸಿಗೆಯಲ್ಲಿ ಮಾಡಲು ಚಿಲ್ಲರೆ ಕೆಲಸ ಇರುತ್ತದೆ. ಬಾಕಿ ಇದ್ದ ಪ್ರಿರಿಕ್ವಿಸಿಟ್‌ಗಳ ಗ್ರೇಡ್ ಇರುವ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಕಳಿಸಿ. ಸಿಪಿಆರ್ ಸರ್ಟಿಫಿಕೇಟ್ ಮಾಡಿಸಿ. ಲಸಿಕೆಗಳಲ್ಲಿ ಹೆಪಟೈಟಿಸ್ ಬಿ ಮೂರು ಡೋಸ್ ಆಗಬೇಕಾಗಿ ಬಂದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಮೊದಲು ಅದನ್ನು ಶುರು ಮಾಡಿ. ಪೊಲೀಸ್ ದಾಖಲೆಗಳ ಹಿನ್ನೆಲೆ ತಪಾಸಣೆಯೂ ನಡೆಯುತ್ತದೆ. ಹಳೆಯ ಕೇಸ್ ಏನಾದರೂ ಇದ್ದರೆ ಮುಚ್ಚಿಡಬೇಡಿ. ಪರೀಕ್ಷೆಗೆ, ಲೈಸೆನ್ಸಿಗೆ ಅದು ಅಡ್ಡಿಯಾಗುತ್ತದೋ ಎಂದು ಎನ್‌ಬಿಸಿಓಟಿಯಲ್ಲೂ ರಾಜ್ಯದ ಲೈಸೆನ್ಸ್ ಮಂಡಳಿಯಲ್ಲೂ ಸೇರುವ ಮೊದಲೇ ವಿಚಾರಿಸಿ.